ಹಳೆಯ ಏರ್‌ಫೀಲ್ಡಿನ ಮೂರು ದಿನ

ನಮ್ಮ ಅಡುಗೆಮನೆಯ ಕಿಟಕಿಯಿಂದ ರನ್‌ವೇ ಕಾಣುತ್ತಿತ್ತು. ರನ್‌ವೇ ಎಂದರೆ ಡಾಂಬರು ಹಾಕಿದ್ದಲ್ಲ. ಕಲ್ಲು ಹೆಕ್ಕಿ ಸಪಾಟು ಮಾಡಿದ ಉದ್ದನೆಯ ನೆಲ, ಎರಡೂ ಅಂಚಿಗೆ ಒಂದು ಕಾಲದಲ್ಲಿ ಸುಣ್ಣ ಬಳಿದಿದ್ದ ಕಲ್ಲುಗಳ ಸಾಲು, ಅಷ್ಟೆ. ಆಚೆ ತುದಿಯಲ್ಲಿ ಎದೆಯೆತ್ತರಕ್ಕೆ ಪೇರಿಸಿದ ಒಂದು ಮೋಟು ಕಲ್ಲುಗೋಡೆ. ಯುದ್ಧದ ಕಾಲದಲ್ಲಿ ಸೈನಿಕರು ಅದರ ಹಿಂದೆ ಬಂದೂಕು ಹಿಡಿದು ಕೂರುತ್ತಿದ್ದರಂತೆ. ಅದರಾಚೆ ಬೆಟ್ಟ. ಒಂದು ಎಸಳು ಹಸಿರೂ ಇಲ್ಲದ, ಸುಟ್ಟ ಇಟ್ಟಿಗೆಯ ಬಣ್ಣದ ಬೆಟ್ಟ. ಓಮಾನಿನ ಒಳನಾಡಿನಲ್ಲಿ, ನಿಜ್ವಾ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇದ್ದ ಆ ಜಾಗದಲ್ಲಿ ಎಂಬತ್ತರ ದಶಕದ ಎರಡು ವರ್ಷ ನಾನು ಸಂಸಾರ ಮಾಡಿದೆ.

ಆ ಎರಡು ವರ್ಷದ ಬೆಲೆ ಹೇಳದಿದ್ದರೆ ಮುಂದಿನದ್ದು ಯಾರಿಗೂ ಅರ್ಥವಾಗಲಿಕ್ಕಿಲ್ಲ. ಮದುವೆಯಾದ ಮೇಲೆ ಏಳು ವರ್ಷ ನಾನು ಮಂಗಳೂರಿನಲ್ಲಿ, ನನ್ನ ಗಂಡ ಮಸ್ಕತ್ತಿನ ಹತ್ತಿರ ರುಸೈಲಿನ ಒಂದು ಫ್ಯಾಕ್ಟರಿಯ ಬ್ಯಾಚುಲರ್ ಕ್ವಾರ್ಟರ್ಸಿನಲ್ಲಿ. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದ ರಜೆ. ಆಮೇಲೆ ಇವರಿಗೆ ಒಂದು ರಸ್ತೆ ಮಾಡುವ ಕಂಪನಿಯಲ್ಲಿ ಆಫೀಸು ಕೆಲಸ ಸಿಕ್ಕಿತು. ಲೆಟರಿನಲ್ಲಿ ‘ಫ್ಯಾಮಿಲಿ ಸ್ಟೇಟಸ್’, ಅಂದರೆ ಸಂಸಾರ ಕರೆಸಿಕೊಳ್ಳಬಹುದು, ಎಂಬ ಎರಡು ಪದಗಳಿದ್ದವು. ಪ್ರೇಮಪತ್ರವನ್ನು ಯಾರೂ ಅಷ್ಟು ಸಲ ಓದಿರಲಿಕ್ಕಿಲ್ಲ. ಹಳೆ ಏರ್‌ಫೀಲ್ಡಿನ ಪಕ್ಕದಲ್ಲಿ ಕಂಪನಿಯ ಕ್ಯಾಂಪು. ನೂರಾರು ಕೆಲಸಗಾರರ ಬ್ಯಾರಕ್ಕುಗಳು ಒಂದು ಕಡೆ, ನಾಲ್ಕು ಸಂಸಾರಗಳಿಗೆ ನಾಲ್ಕು ಪೋರ್ಟಾ ಕ್ಯಾಬಿನ್ ಇನ್ನೊಂದು ಕಡೆ. ನಮ್ಮ ಮಗಳಿಗೆ ಆಗ ಎಂಟು ವರ್ಷ. ಪಕ್ಕದ ಕ್ಯಾಬಿನ್ನಿನಲ್ಲಿ ಉಡುಪಿ ಕಡೆಯ ಒಬ್ಬಾಕೆ, ಅವಳ ಗಂಡ ಸರ್ವೇಯರ್, ಇಬ್ಬರು ಗಂಡುಮಕ್ಕಳು. ಸಂಜೆ ಐದಕ್ಕೆ ಬಿಸಿಲು ಇಳಿದ ಕೂಡಲೇ ಮಕ್ಕಳೆಲ್ಲ ಸೈಕಲ್ ಹಿಡಿದು ರನ್‌ವೇಗೆ ಹೋಗುತ್ತಿದ್ದರು. ಅಷ್ಟು ಸಪಾಟಾದ ನೆಲ ಬೇರೆಲ್ಲೂ ಇರಲಿಲ್ಲ.

ಕ್ಯಾಂಪಿನ ಗೇಟು ಕಾಯುತ್ತಿದ್ದ ಮುದುಕ ಓಮಾನಿಯನ್ನು ಎಲ್ಲರೂ ಶೈಬಾ ಎನ್ನುತ್ತಿದ್ದರು. ನರೆತವನು ಎಂದು ಅರ್ಥ, ಗೌರವದ ಮಾತೇ. ಯಾವಾಗಲೋ ಮುಂಬಯಿಗೆ ದೋಣಿಯಲ್ಲಿ ಹೋಗಿ ಬಂದಿದ್ದ ಆತನಿಗೆ ಒಂಥರಾ ಹಿಂದಿ ಬರುತ್ತಿತ್ತು. ಏರ್‌ಫೀಲ್ಡಿನ ಕಥೆಯನ್ನು ನಾನು ಕೇಳಿದ್ದು ಅವನ ಬಾಯಿಂದಲೇ. ರಸ್ತೆಯಿಲ್ಲದ ಕಾಲ. ಬೆಟ್ಟದ ಮೇಲಿನವರಿಗೂ ಕೆಳಗಿನವರಿಗೂ ಯುದ್ಧ. ಪರದೇಶದ ಆಫೀಸರುಗಳು ಬಂದು ಊರಿನ ಹುಡುಗರಿಗೆ ಕೂಲಿ ಕೊಟ್ಟು ಕಲ್ಲು ಹೆಕ್ಕಿಸಿದರು, ಸುಣ್ಣ ಬಳಿಸಿದರು. ವಿಮಾನ ಇಳಿಯುವಾಗ ಊರಿನ ಹೆಂಗಸರು ಮಕ್ಕಳನ್ನೆತ್ತಿಕೊಂಡು ಫಲಜಿನೊಳಗೆ, ಅಂದರೆ ನೆಲದಡಿ ನೀರು ಹರಿಯುವ ಸುರಂಗದೊಳಗೆ ಸೊಂಟದವರೆಗಿನ ನೀರಿನಲ್ಲಿ ನಿಲ್ಲುತ್ತಿದ್ದರು. ವಿಮಾನ ಹಿಟ್ಟು ತಂದಿತು, ಗುಂಡು ತಂದಿತು, ಆಮೇಲೆ ಬೆಟ್ಟದ ಕಡೆಗೆ ಬಾಂಬು ಹೊತ್ತು ಹೋಯಿತು.

“ಕಲ್ಲು ಹೆಕ್ಕಿದವನು ನಾನು,” ಎನ್ನುತ್ತಿದ್ದ ಶೈಬಾ. “ನಾನು ಹೆಕ್ಕಿದ ನೆಲದಿಂದ ಎದ್ದ ವಿಮಾನ ನನ್ನ ಅತ್ತೆಯ ಊರಿಗೇ ಹೋಯ್ತು.”

“ಅತ್ತೆ?” ಎಂದು ಕೇಳಿದೆ ಒಮ್ಮೆ.

“ಅತ್ತೆ ಗಟ್ಟಿ. ಆಡುಗಳು ಸತ್ತವು. ಸಾಯುವವರೆಗೆ ಅತ್ತೆ ನನ್ನ ಹತ್ತಿರ ಆಡಿನ ಲೆಕ್ಕ ಕೇಳಿದಳು.” ಅವನು ನಕ್ಕ. ನಾನೂ ನಕ್ಕೆ. ಯುದ್ಧ ಮುಗಿದ ಮೇಲೆ ಸೈನ್ಯ ಡೇರೆ ಸುತ್ತಿಕೊಂಡು ಹೋಯಿತು, ಹಗುರವಾದದ್ದನ್ನು ಲಾರಿಗೆ ಹೇರಿದರು, ಭಾರದ್ದನ್ನು ನೆಲಕ್ಕೆ ಕೊಟ್ಟರು ಎಂದೂ ಅವನು ಹೇಳಿದ್ದ. ಆ ಮಾತು ನನ್ನ ತಲೆಯ ಮೇಲಿಂದ ಹಾದು ಹೋಯಿತು.

ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಮಾತೆ ಮರಿಯಮ್ಮನ ಪ್ರತಿಮೆ ಒಡೆಯಿತು. ಹಳೆ ಏಸಿ ನಡುಗುವಾಗ ಕ್ಯಾಬಿನ್ನಿನ ಗೋಡೆ, ಗೋಡೆಯ ಸ್ಟ್ಯಾಂಡ್ ಎಲ್ಲ ನಡುಗುತ್ತಿತ್ತು. ದಿನಕ್ಕೆ ಕೂದಲೆಳೆಯಷ್ಟು ಸರಿದು ಸರಿದು ಕೊನೆಗೆ ಬಿದ್ದಿತು. ಮದುವೆಯಲ್ಲಿ ಅಮ್ಮ ಕೊಟ್ಟದ್ದು, ಪಾದ್ರಿಗಳು ಆಶೀರ್ವದಿಸಿದ್ದು. ಪ್ಲಾಸ್ಟರಿನ ತಲೆ ಒಂದು ಕಡೆ, ಜೋಡಿಸಿದ ಕೈಗಳು ಒಂದು ಕಡೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಆಶೀರ್ವಾದವಾದ ವಸ್ತು ಒಡೆದರೆ ಕಸಕ್ಕೆ ಹಾಕುವಂತಿಲ್ಲ. ಹರಿದ ಜಪಸರ, ಗರಿಗಳ ಹಬ್ಬದ ಒಣಗಿದ ಗರಿ ಇವನ್ನು ಸುಡಬೇಕು; ಸುಡಲಾಗದ್ದನ್ನು ಯಾರೂ ತುಳಿಯದ ಮಣ್ಣಿನಲ್ಲಿ ಹೂಳಬೇಕು. ಕಾನ್ವೆಂಟಿನಲ್ಲಿ ಸಿಸ್ಟರು ಇದನ್ನು ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲೇ ಹೇಳಿಕೊಟ್ಟಿದ್ದರು, ‘ವಿತ್ ರೆವರೆನ್ಸ್, ಗರ್ಲ್ಸ್, ವಿತ್ ರೆವರೆನ್ಸ್’ ಎಂದು. ಮಸ್ಕತ್ತಿನ ಚರ್ಚಿಗೆ ಹೋಗಲಿಕ್ಕೆ ನಮಗೆ ಎರಡು ತಿಂಗಳಿಗೊಮ್ಮೆ ಗಾಡಿ ಸಿಗುತ್ತಿತ್ತು. ಅಲ್ಲಿಯವರೆಗೆ ಮಾತೆಯ ತುಂಡುಗಳನ್ನು ಮನೆಯಲ್ಲಿಟ್ಟುಕೊಳ್ಳಲು ನನಗೆ ಅಂಜಿಕೆ. ಕಸದ ಡಬ್ಬಿಯಲ್ಲಿ ಯಾರಾದರೂ ಆ ತಲೆ ನೋಡಿದರೆ ಎಂಬ ಅಂಜಿಕೆ ಬೇರೆ. ಕ್ಯಾಂಪಿನಲ್ಲೋ ಎಲ್ಲಿ ನೋಡಿದರೂ ಕಾಂಕ್ರೀಟು, ಜಲ್ಲಿ. ಯಾರೂ ತುಳಿಯದ ಮಣ್ಣು ಎಂದು ನನಗೆ ತೋಚಿದ್ದು ಆ ಕಲ್ಲುಗೋಡೆಯ ಬುಡ.

ಇವರು ಹಾಜರಿ ಲೆಕ್ಕಕ್ಕೆ ದೂರದ ಸೈಟಿಗೆ ಹೋಗಿದ್ದರು, ಗುರುವಾರ ಬರುವವರು. ಮಧ್ಯಾಹ್ನ ಎರಡು ಗಂಟೆಗೆ, ಇಡೀ ಕ್ಯಾಂಪು ಊಟ ಮಾಡಿ ಮಲಗಿದ್ದಾಗ, ತುಂಡುಗಳನ್ನು ನನ್ನ ಬಿಳಿ ಚರ್ಚ್ ವೇಲಿನಲ್ಲಿ ಸುತ್ತಿ, ಗಾರೆಯವರ ಒಂದು ಕರಣೆ ಹಿಡಿದು ರನ್‌ವೇ ದಾಟಿದೆ. ಬಿಸಿಲು ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಗೋಡೆಯ ಬುಡದಲ್ಲಿ ಮಣ್ಣು ಮೆತ್ತಗಿತ್ತು. ಗೇಣುದ್ದ ಅಗೆದಾಗ ಕರಣೆ ಟಣ್ ಎಂದಿತು.

ಕಲ್ಲು ಎಂದುಕೊಂಡು ಕೈಯಿಂದ ಮಣ್ಣು ಸರಿಸಿದೆ. ಮೀನಿನ ಬಾಲ. ಕಡಲ ಊರಿನವಳಿಗೆ ಮೊದಲು ಹೊಳೆದದ್ದು ಅದೇ. ತುಕ್ಕು ಹಿಡಿದ ಕಬ್ಬಿಣದ ಬಾಲ, ಸುತ್ತ ರೆಕ್ಕೆಗಳು. ರೆಕ್ಕೆಯ ಕೆಳಗೆ ದಪ್ಪನೆಯ ಮೈ ಮಣ್ಣಿನೊಳಗೆ ಇಳಿದಿತ್ತು.

ಕಂಪನಿಯ ಸೇಫ್ಟಿ ಆಫೀಸರ್ ಒಮ್ಮೆ ಮೆಸ್ಸಿನ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು: ಇಂಥದ್ದು ಕಂಡರೆ ಮುಟ್ಟಬೇಡಿ, ತಿಳಿಸಿ. ನಾನು ಮುಟ್ಟಿಯಾಗಿತ್ತು. ಕರಣೆಯಿಂದ ಬಡಿದೂ ಆಗಿತ್ತು. ಉಸಿರು ಬಿಟ್ಟರೆ ಅದಕ್ಕೆ ತಾಗೀತು ಎಂಬಂತೆ ಬಾಯಿ ಮುಚ್ಚಿಕೊಂಡೆ. ಕೈಯಲ್ಲಿದ್ದ ಗಂಟು ಗುಂಡಿಗೆ ಜಾರಿ ಆ ಬಾಲದ ಪಕ್ಕಕ್ಕೇ ಬಿತ್ತು. ಬೀಳುವಾಗ ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಹಿಂದೆ ಹಿಂದೆ ನಡೆದೆ, ನನ್ನ ಹೆಜ್ಜೆಗುರುತಿನ ಮೇಲೆಯೇ ಕಾಲಿಡಲು ನೋಡುತ್ತ. ಆಮೇಲೆ ಓಡಿದೆ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಎರಡನೆಯ ಭಯ ಹುಟ್ಟಿತು. ಹೇಳಿದರೆ ಕೇಳುತ್ತಾರೆ: ನೀನು ಅಲ್ಲಿ ಯಾಕೆ ಅಗೆದೆ? ಸೈನ್ಯದ ಜಾಗದಲ್ಲಿ ಪರದೇಶದ ಹೆಂಗಸು, ನಡು ಮಧ್ಯಾಹ್ನ, ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಕಫೀಲ್, ಅಂದರೆ ನಮ್ಮ ವೀಸಾದ ಮಾಲೀಕ, ಒಂದು ರುಜು ಹಾಕಿದರೆ ಸಾಕು, ಖಲಾಸ್. ಏಳು ವರ್ಷ ಕಾದು ಪಡೆದದ್ದು ಏಳು ದಿನದಲ್ಲಿ ಹೋದೀತು.

ಐದು ಗಂಟೆಗೆ ಮಗಳು ಸೈಕಲ್ ತೆಗೆದಳು.

“ಇವತ್ತು ಬೇಡ ಬಾ. ನಿನಗೆ ಮೈ ಬಿಸಿ ಉಂಟು,” ಎಂದೆ.

“ಬಟ್ ಮಮ್ಮಾ, ಐ ಡೋಂಟ್ ಹ್ಯಾವ್ ಫೀವರ್!”

“ಅಮ್ಮನಿಗೆ ಗೊತ್ತಾಗ್ತದೆ. ಒಳಗೆ ನಡಿ.”

ಕಿಟಕಿಯಿಂದ ನೋಡಿದೆ. ಪಕ್ಕದ ಮನೆಯ ಇಬ್ಬರು ಹುಡುಗರು ರನ್‌ವೇ ಉದ್ದಕ್ಕೆ ಸೈಕಲ್ ಓಡಿಸುತ್ತಿದ್ದರು, ಕೈಬಿಟ್ಟು, ಕಿರುಚುತ್ತ. ಗೋಡೆಯವರೆಗೆ ಹೋಗುವರು, ತಿರುಗುವರು. ಪ್ರತಿ ಸಲ ತಿರುಗುವಾಗಲೂ ನಾನು ಸಿಂಕನ್ನು ಹಿಡಿದುಕೊಂಡೆ. ಕರೆಯಬಹುದಿತ್ತು. ಕರೆದರೆ ಕಾರಣ ಹೇಳಬೇಕಿತ್ತು.

ಬುಧವಾರ ಬೆಳಿಗ್ಗೆ ಪೇಟೆಗೆ ಹೋದೆ. ಅಲ್ಲಿ ಬಂಟ್ವಾಳ ಕಡೆಯ ಒಬ್ಬ ಬ್ಯಾರಿಯವರ ಕಿರಾಣಿ ಅಂಗಡಿ ಇತ್ತು. ಕುಚ್ಚಲಕ್ಕಿ, ಒಣಮೀನು ಎಲ್ಲ ಅಲ್ಲೇ. ಮೂವತ್ತು ವರ್ಷದಿಂದ ಆ ದೇಶದಲ್ಲಿದ್ದ, ಎಲ್ಲ ಬಲ್ಲ ಮನುಷ್ಯ. ಅಂಗಡಿ ಖಾಲಿಯಾಗುವವರೆಗೆ ಕಾದು, ಎಲ್ಲ ಹೇಳಿದೆ. ಅವರು ತಕ್ಕಡಿಯ ಮೇಲಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟರು.

“ಬಾಯಮ್ಮ, ಬಾಂಬಿನ ವಿಷಯ ಆಮೇಲೆ. ನೀವು ಬಟ್ಟೆಯಲ್ಲಿ ಗೊಂಬೆ ಸುತ್ತಿ ಮಣ್ಣಲ್ಲಿ ಇಟ್ಟಿರಾ?”

“ಗೊಂಬೆ ಅಲ್ಲ ಬ್ಯಾರಿಗಳೇ. ಮಾತೆ. ನಮ್ಮ ಪದ್ಧತಿ...”

“ನಿಮಗೆ ಅದು ಮಾತೆ. ತೆಗೆದು ನೋಡಿದವನಿಗೆ ತಲೆ ಬೇರೆ ಕೈ ಬೇರೆ ಮಾಡಿದ ಗೊಂಬೆ. ನಮ್ಮ ಊರಲ್ಲಿ ಯಾರಾದ್ರೂ ಗೊಂಬೆ ಹುಗಿದ್ರೆ ನೀವು ಎಂತ ಹೇಳ್ತೀರಿ? ಹೇಳಿ, ಎಂತ ಹೇಳ್ತೀರಿ?”

ಮಾಟ ಎನ್ನುತ್ತೇವೆ.

“ಇಲ್ಲಿ ಅದಕ್ಕೆ ಸಿಹ್ರ್ ಅಂತಾರೆ. ಜೈಲು ಉಂಟು. ನಿಮಗೆ ಮಾತ್ರ ಅಲ್ಲ, ನಿಮ್ಮ ಯಜಮಾನರಿಗೂ. ಮನೆಗೆ ಹೋಗಿ ಸುಮ್ಮನೆ ಕೂತ್ಕೊಳ್ಳಿ. ಮೂವತ್ತು ವರ್ಷ ಸಿಡಿಯದ್ದು ಇನ್ನು ನಾಲ್ಕು ದಿನದಲ್ಲಿ ಸಿಡಿಯುದಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ಮಕ್ಕಳು ಆ ಕಡೆ ಹೋಗುದಿಲ್ಲ ಅಲ್ವಾ?”

“ಇಲ್ಲ,” ಎಂದೆ. ಕಾನ್ವೆಂಟಿನಲ್ಲಿ ಕಲಿತ ಒಂದು ಸಂಗತಿ ನನಗೆ ಜೀವಮಾನವಿಡೀ ಒದಗಿದೆ: ಮುಖದಲ್ಲಿ ಏನೂ ತೋರಿಸದೆ ಸುಳ್ಳು ಹೇಳುವುದು.

ಅಂದು ಸಂಜೆಯೂ ಹುಡುಗರು ಹೋದರು. ಪಕ್ಕದಾಕೆ ನನ್ನ ಮಗಳಿಗೆ ಜ್ವರ ಎಂದು ಕೇಳಿ ಒಂದು ಗಿಂಡಿ ಪುನರ್ಪುಳಿ ಸಾರು ತಂದಳು. “ಬಾಯಿಗೆ ರುಚಿ ಬರ್ತದೆ, ಕುಡಿಸಿ,” ಎಂದಳು. ನಾನು ಗಿಂಡಿ ತೆಗೆದುಕೊಂಡೆ. ಅವಳ ಹೆಗಲಾಚೆ ಅವಳ ಚಿಕ್ಕವನು ಸೈಕಲ್ಲಿನಿಂದ ಬಿದ್ದು, ಎದ್ದು, ಮತ್ತೆ ಹತ್ತುವುದು ಕಾಣುತ್ತಿತ್ತು.

ಗುರುವಾರ ಸಂಜೆ ಇವರು ಬಂದರು. ಚಾ ಕೊಟ್ಟು ಹೇಳಿದೆ. ಇವರು ಸಿಟ್ಟಿನ ಮನುಷ್ಯರಲ್ಲ. ಅಂದು ಚಾ ಕುಡಿಯದೆ ಲೋಟ ದೂರ ಸರಿಸಿದರು.

“ಎಂತ ಮಾರಾಯ್ತಿ ನೀನು ಮಾಡಿದ್ದು? ಎರಡು ತಿಂಗಳು ಪೆಟ್ಟಿಗೆಯಲ್ಲಿ ಇಟ್ಟಿದ್ರೆ ಮಾತೆ ಬೇಡ ಅಂತಿದ್ರಾ?”

“ಈಗ ಎಂತ ಮಾಡುದು ಹೇಳಿ.”

“ನಾಳೆ ಶುಕ್ರವಾರ, ಆಫೀಸಿಲ್ಲ. ಶನಿವಾರ ಮೆತ್ತಗೆ ಮ್ಯಾನೇಜರಿಗೆ ಹೇಳ್ತೇನೆ, ಸರ್ವೆ ಮಾಡುವಾಗ ಯಾರಿಗೋ ಕಂಡಿತು ಅಂತ. ಅಷ್ಟರವರೆಗೆ ಬಾಯಿ ಮುಚ್ಚು. ಒಂದು ದಿನ. ಒಂದೇ ದಿನ.”

ನನಗೆ ಎಷ್ಟು ಹಾಯೆನಿಸಿತು ಎಂದರೆ, ಆ ಹಾಯನ್ನು ನೆನೆಯಲು ಈಗ ನಾಚಿಕೆಯಾಗುತ್ತದೆ. ನಿರ್ಧಾರ ನನ್ನದಲ್ಲ, ಗಂಡನದು ಎಂದಾಯಿತಲ್ಲ.

ಶುಕ್ರವಾರ ಸಂಜೆ ಹುಡುಗರು ಸೈಕಲ್ ಬಿಟ್ಟು ಕ್ರಿಕೆಟ್ ಬ್ಯಾಟು ತಂದರು. ಕಿಟಕಿಯಲ್ಲಿ ನಿಂತಿದ್ದೆ. ದೊಡ್ಡವನು ಅತ್ತಿತ್ತ ನೋಡಿ ವಿಕೆಟ್ಟಿಗೆ ಕಲ್ಲು ಬೇಕೆಂದು ಗೋಡೆಯ ಕಡೆಗೆ ಕೈ ತೋರಿಸಿದ. ಚಿಕ್ಕವನು ಓಡಿದ. ಗೋಡೆಯ ಮೇಲಿನ ಒಂದು ಕಲ್ಲನ್ನು ಎರಡೂ ಕೈಯಿಂದ ಎಳೆಯತೊಡಗಿದ, ಕೆಳಗೆ ಬೀಳಿಸಲಿಕ್ಕೆ.

ನಾನು ಬಾಗಿಲು ತೆರೆದದ್ದು ನೆನಪಿಲ್ಲ. ನೈಟಿಯಲ್ಲಿ, ಬರಿಗಾಲಿನಲ್ಲಿ, ಕೊಂಕಣಿಯಲ್ಲಿ ಕಿರುಚುತ್ತ ಓಡಿದೆ. ಆ ಹುಡುಗರಿಗೆ ಕೊಂಕಣಿ ಬಾರದು. ಬಾರದಿದ್ದರೂ ನಿಂತರು, ದೊಡ್ಡವರೊಬ್ಬರು ಹಾಗೆ ಓಡಿ ಬರುವುದನ್ನು ಅವರು ಕಂಡಿರಲಿಲ್ಲ. ಚಿಕ್ಕವನನ್ನು ಸೊಂಟ ಹಿಡಿದೆತ್ತಿ ರನ್‌ವೇ ಮಧ್ಯದವರೆಗೆ ತಂದು ಬಿದ್ದೆ. ಅಷ್ಟರಲ್ಲಿ ಶೈಬಾ ಕೋಲೂರುತ್ತ ಬಂದ.

“ಕುಂಬುಲಾ,” ಎಂದೆ. ಬಾಂಬಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂದು ಆ ಮೂರು ದಿನದಲ್ಲಿ ಕಲಿತಿದ್ದೆ.

ಅವನು ನಿಧಾನ ಹೋಗಿ, ದೂರದಿಂದ ಗುಂಡಿಯನ್ನು ಬಗ್ಗಿ ನೋಡಿದ. ಗಾಳಿಗೆ ವೇಲಿನ ಒಂದು ತುದಿ ಸರಿದು ಪ್ಲಾಸ್ಟರಿನ ಜೋಡಿಸಿದ ಕೈಗಳು ಹೊರಗೆ ಕಾಣುತ್ತಿದ್ದವು. ಹಿಂದಿರುಗಿ ಬಂದಾಗ ಅವನ ಮುಖದಲ್ಲಿ ಕರುಣೆ ಇರಲಿಲ್ಲ, ಹೆದರಿಕೆ ಇತ್ತು.

“ಬಿಂತಿ, ಮಗಳೇ, ಆ ಕೈ ಯಾರದು?”

“ಮರ್ಯಮ್. ಒಡೆದು ಹೋಯ್ತು. ನಮ್ಮಲ್ಲಿ ಬಿಸಾಡುವಂತಿಲ್ಲ. ಅದಕ್ಕೆ...”

“ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸು.” ಅವನು ಅತ್ತಿತ್ತ ನೋಡಿದ. “ಕೇಳು. ಜೈಶ್ ಬರುತ್ತೆ, ಸೈನ್ಯದವರು. ಕೇಳ್ತಾರೆ. ಪ್ಲೇಟ್ ಬೋಲೋ. ಒಡೆದ ಪ್ಲೇಟ್ ಹೂಳಲಿಕ್ಕೆ ಬಂದೆ ಅನ್ನು. ಸಿರ್ಫ್ ಪ್ಲೇಟ್. ನಾನೂ ಅದನ್ನೇ ಹೇಳ್ತೇನೆ.” ಮತ್ತೆ ಹೋಗಿ ಕೋಲಿನ ತುದಿಯಿಂದ ವೇಲನ್ನು ಆ ಕೈಗಳ ಮೇಲೆ ಎಳೆದು ಬಂದ.

ಎರಡು ಗಂಟೆಯೊಳಗೆ ಗಾಡಿಗಳು ಬಂದವು, ಕೆಂಪು ಬಾವುಟ ನೆಟ್ಟರು. ಯುವಕ ಆಫೀಸರ್, ಇಸ್ತ್ರಿ ಮಾಡಿದ ಯೂನಿಫಾರ್ಮು, ನನಗಿಂತ ಒಳ್ಳೆಯ ಇಂಗ್ಲಿಷು. ಶೈಬಾ ಮೊದಲು ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಹೇಳಿದ. ‘ಸುಹೂನ್’ ಎಂಬ ಪದ ಮಾತ್ರ ಹಿಡಿದೆ, ತಟ್ಟೆಗಳು. ಇವರು ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

“ಪ್ಲೇಟ್ಸ್, ಮೇಡಮ್?” ಆಫೀಸರ್ ಕೇಳಿದ.

“ಯೆಸ್ ಸರ್. ಓನ್ಲಿ ಸಮ್ ಓಲ್ಡ್ ಪ್ಲೇಟ್ಸ್,” ಎಂದೆ.

ಅಮ್ಮ ಕೊಟ್ಟ ಮಾತೆಯನ್ನು ನಾನು ಹಾಗೆ, ಅಚ್ಚುಕಟ್ಟಾದ ಕಾನ್ವೆಂಟ್ ಇಂಗ್ಲಿಷಿನಲ್ಲಿ, ತಟ್ಟೆ ಎಂದೆ. ಅವನು ಬರೆದುಕೊಂಡ. ನೈಟಿಯ ಮೇಲೆ ಶಾಲು ಹೊದ್ದ ಒಬ್ಬ ಹೆಂಗಸು ಅಷ್ಟು ಹೆದರಿ ನಿಂತಿರುವಾಗ ಯಾರು ತಾನೆ ಇನ್ನೊಂದು ಪ್ರಶ್ನೆ ಕೇಳಿಯಾರು. ಗುಂಡಿಯೊಳಗಿನ ಗಂಟನ್ನು ಎತ್ತುವಂತಿಲ್ಲ, ಹಾಗೇ ಇರಲಿ ಎಂದರು. ಮರುದಿನ ಬೆಳಿಗ್ಗೆ ಎಲ್ಲರನ್ನೂ ಕ್ಯಾಂಪಿನ ಆಚೆ ತುದಿಗೆ ಕಳಿಸಿ ಬಾಂಬನ್ನು ಅಲ್ಲೇ ಸಿಡಿಸಿದರು. ಸದ್ದು ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ. ಆದರೆ ನೆಲ ಕಾಲಿನ ಕೆಳಗೆ ಒಮ್ಮೆ ಎದ್ದು ಕೂತಿತು. ಬೆಟ್ಟ ಸದ್ದನ್ನು ಹಿಂದಕ್ಕೆ ಕಳಿಸಿತು. ಮಗಳು ನನ್ನ ಹೊಟ್ಟೆಗೆ ಮುಖ ಒತ್ತಿ “ಈಸ್ ಇಟ್ ಓವರ್?” ಎಂದಳು. ಓವರ್ ಎಂದೆ.

ಓವರ್ ಆಗಿರಲಿಲ್ಲ. ಮಷೀನು ಹಿಡಿದು ನೆಲವನ್ನು ಆಲಿಸುತ್ತ ನಡೆದ ಸೈನಿಕರಿಗೆ ಆ ವಾರ ಇನ್ನೂ ಐದು ಸಿಕ್ಕವು. ಕೊಳೆತ ಮರದ ಪೆಟ್ಟಿಗೆಯೊಳಗೆ, ಒತ್ತೊತ್ತಾಗಿ, ಗೋಡೆಯ ಬುಡದಲ್ಲಲ್ಲ. ಮಕ್ಕಳು ಸೈಕಲ್ ತಿರುಗಿಸುತ್ತಿದ್ದ ಜಾಗದಲ್ಲೇ, ಬಿಳಿ ಕಲ್ಲುಗಳ ಈಚೆ.

ಜಾಗಕ್ಕೆ ಮುಳ್ಳುತಂತಿ ಬಂತು. ಕಂಪನಿಯಿಂದ ಸರ್ಕ್ಯುಲರ್ ಬಂತು: ಕ್ಯಾಂಪು ಸಂಸಾರಗಳಿಗೆ ಸುರಕ್ಷಿತವಲ್ಲ, ಫ್ಯಾಮಿಲಿ ಕ್ವಾರ್ಟರ್ಸ್ ಮುಚ್ಚಲಾಗುವುದು, ಹೆಂಡತಿ ಮಕ್ಕಳನ್ನು ತಿಂಗಳೊಳಗೆ ಊರಿಗೆ ಕಳಿಸತಕ್ಕದ್ದು. ನಾವು ಹೆದರಿದ್ದ ಕಫೀಲ್ ಬಾಯಿ ತೆರೆಯಲೇ ಇಲ್ಲ. ಜೈಲಿಲ್ಲ, ಪೊಲೀಸಿಲ್ಲ. ಟೈಪ್ ಮಾಡಿದ ಅರ್ಧ ಪುಟ, ‘ಫಾರ್ ಯುವರ್ ಓನ್ ಸೇಫ್ಟಿ’ ಎಂದು ಕೊನೆಯಲ್ಲಿ. ಇವರು ಮತ್ತೆ ಬ್ಯಾಚುಲರ್ ಆದರು.

ಉಳಿದ ಎರಡು ಮನೆಯ ಹೆಂಗಸರು ನನ್ನೊಡನೆ ಮಾತು ಬಿಟ್ಟರು. ನಲ್ಲಿಯ ಹತ್ತಿರ ನನಗೆ ಕೇಳುವಂತೆಯೇ ಆಡಿದರು: “ಸುಮ್ಮನಿದ್ರೆ ಎಂತ ಆಗ್ತಿತ್ತು? ಮೂವತ್ತು ವರ್ಷದಿಂದ ಇತ್ತು, ಇರ್ತಿತ್ತು.” ಪಕ್ಕದಾಕೆ ಮಾತ್ರ ಅವರೊಡನೆ ಸೇರಲಿಲ್ಲ. ‘ನನ್ನ ಮಕ್ಕಳನ್ನು ಉಳಿಸಿದವರು ನೀವು’ ಎಂದು ನನ್ನ ಕೈ ಹಿಡಿದುಕೊಂಡು ಅತ್ತಿದ್ದಳು. ಆ ಕೈಗಳು ನನ್ನ ಕೈಯ ಮೇಲಿದ್ದಷ್ಟು ಹೊತ್ತು ನಾನು ಮೇಲೆ ನೋಡಲಿಲ್ಲ.

ತೊಂಬತ್ತರ ದಶಕದಲ್ಲಿ ಇವರಿಗೆ ಮಸ್ಕತ್ತಿನ ಖುರುಮ್‌ನಲ್ಲಿ ಆಫೀಸು ಸಿಕ್ಕಿದ ಮೇಲೆ ವಿಸಿಟ್ ವೀಸಾದಲ್ಲಿ ಎರಡು ಸಲ ಹೋದೆ. ಒಮ್ಮೆ ಅದೇ ದಾರಿಯಲ್ಲಿ ನಿಜ್ವಾಕ್ಕೆ ಹೋಗುತ್ತಿದ್ದಾಗ ಇವರು ಕಾರು ನಿಧಾನ ಮಾಡಿದರು. ಕ್ಯಾಂಪು ಇರಲಿಲ್ಲ. ತಂತಿಯ ಬದಲು ಕಾಂಕ್ರೀಟ್ ಗೋಡೆ, ಒಳಗೆ ಯಾವುದೋ ಇಲಾಖೆಯ ಗೋಡೌನು, ಗೋಡೆಗೊರಗಿ ಎರಡು ಟ್ಯಾಂಕರ್. ರನ್‌ವೇ ಎಲ್ಲಿಂದ ಎಲ್ಲಿಗೆ ಇತ್ತೆಂದು ಹೇಳಲಾಗಲಿಲ್ಲ. “ಇಳಿದು ನೋಡ್ತೀಯಾ?” ಎಂದರು. ಬೇಡವೆಂದೆ. ನೆಲಕ್ಕೆ ಕಾಲಿಡಬೇಕಲ್ಲ.

ಆದರೆ ನನಗೆ ಮರೆಯಲಾಗದ್ದು ಆ ಏರ್‌ಫೀಲ್ಡಲ್ಲ, ಊರಿಗೆ ಹಿಂದಿರುಗಿದ ವಿಮಾನ. ಮಸ್ಕತ್ತಿನ ಸೀಬ್ ಏರ್‌ಪೋರ್ಟಿನಿಂದ ಬಾಂಬೆಗೆ ಬೆಳಗಿನ ಫ್ಲೈಟು. ಪಕ್ಕದಾಕೆಯೂ ಅದರಲ್ಲೇ. ಕಿಟಕಿಯ ಬದಿಗೆ ನನ್ನ ಮಗಳು, ಆಮೇಲೆ ನಾನು, ನನ್ನ ಈಚೆಗೆ ಅವಳ ಚಿಕ್ಕವನು. ನಡುದಾರಿಯ ಆಚೆ ಅವಳು ಮತ್ತು ದೊಡ್ಡವನು. ವಿಮಾನ ಮೇಲೇರುವಾಗ ಚಿಕ್ಕವನು ನನ್ನ ತೋಳು ಹಿಡಿದುಕೊಂಡ. ನಾನು ಅವನ ತಲೆ ಸವರಿದೆ.

ಸಮುದ್ರದ ಮೇಲೆ ಬಂದ ಮೇಲೆ ಅವಳು ನಡುದಾರಿಯಾಚೆಯಿಂದ ಬಾಗಿ, ಮಾಮೂಲಿ ಮಾತಿನಂತೆ ಕೇಳಿದಳು:

“ಅಲ್ಲ, ನೀವು ಪ್ಲೇಟ್ ಹೂಳ್ಲಿಕ್ಕೆ ಹೋದದ್ದು ಯಾವ ದಿನ?”

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಈ ಸಲ ಯಾಕೋ ಮುಖ ನನ್ನ ಮಾತು ಕೇಳಲಿಲ್ಲ.

“ಮಂಗಳವಾರ.”

“ನೀವು ಓಡಿ ಬಂದದ್ದು ಶುಕ್ರವಾರ.”

“ಹೌದು.”

ಅವಳು ಎಣಿಸಿದಳು. ಬೆರಳು ಮಡಿಸಿ ಎಣಿಸುವುದು ನನಗೆ ಕಂಡಿತು. ಬುಧ, ಗುರು. ಬೆರಳು ಅಲ್ಲೇ ನಿಂತಿತು. ಅವಳ ಕಣ್ಣು ನನ್ನನ್ನು ದಾಟಿ ಕಿಟಕಿಯ ಬದಿಗೆ ನಿದ್ದೆ ಹೋಗಿದ್ದ ನನ್ನ ಮಗಳ ಮೇಲೆ ಹೋಯಿತು.

“ನಿಮ್ಮವಳಿಗೆ ಆ ದಿನಗಳಲ್ಲಿ ಜ್ವರ,” ಎಂದಳು. ಪ್ರಶ್ನೆಯಲ್ಲ.

ನಾನು ಏನೋ ಹೇಳಲು ಬಾಯಿ ತೆರೆದೆ. ವೀಸಾ ಎಂದೆನೋ, ಹೆದರಿಕೆ ಎಂದೆನೋ, ಈಗ ನೆನಪಿಲ್ಲ. ಅವಳು ಕೇಳಿಸಿಕೊಳ್ಳಲಿಲ್ಲ. ಸೀಟ್ ಬೆಲ್ಟ್ ಬಿಚ್ಚಿ ಎದ್ದಳು. ನನ್ನ ತೋಳಿಗೆ ಒರಗಿದ್ದ ಚಿಕ್ಕವನ ಬೆಲ್ಟನ್ನೂ ಬಿಚ್ಚಿ, ಅವನ ಬೆರಳುಗಳನ್ನು ನನ್ನ ತೋಳಿನಿಂದ ಒಂದೊಂದಾಗಿ ಬಿಡಿಸಿ, ಎತ್ತಿಕೊಂಡು ನಡುದಾರಿಯಾಚೆ ಹೋಗಿ ತನ್ನ ಮಡಿಲಲ್ಲಿ ಕೂರಿಸಿಕೊಂಡಳು. ಬಾಂಬೆ ಬರುವವರೆಗೆ ಆ ಸೀಟು ಖಾಲಿ ಇತ್ತು.